ಕ್ಯೋಟೋಗೆ ಹೋಗುವವರ ಗಮನಕ್ಕೆ

ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೊರಟವರಿಗೆ ಸಂಘಟಕರು ಕಳಿಸುವ ಕಾಗದಪತ್ರಗಳಲ್ಲಿ ಎಲ್ಲರೂ ಮೊದಲಿನಿಂದ ಕೊನೆಯವರೆಗೆ ಓದುವುದು ‘ಪ್ರತಿನಿಧಿಗಳಿಗೆ ಉಪಯುಕ್ತ ಮಾಹಿತಿ’ ಎಂಬ ಪುಟಗಳನ್ನು ಮಾತ್ರ. ಪ್ರಬಂಧಗಳ ಸಾರಾಂಶವನ್ನು ಓದುವವರು ಅದನ್ನು ಬರೆದವರೇ, ಅದೂ ತಮ್ಮ ಹೆಸರಿನ ಕಾಗುಣಿತ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲಿಕ್ಕೆ. ಆದರೆ ಆ ಮಾಹಿತಿ ಬರೆಯುವ ಪುಣ್ಯಾತ್ಮರಿಗೆ ಮೈಸೂರಿನ ಮೇಷ್ಟ್ರಿಗೋ ಧಾರವಾಡದ ಸಂಶೋಧಕಿಗೋ ನಿಜವಾಗಿ ಏನು ಬೇಕು ಎಂಬುದು ಹೇಗೆ ಗೊತ್ತಾಗಬೇಕು? ಹವಾಮಾನ, ನಾಣ್ಯ ವಿನಿಮಯ, ಟ್ಯಾಕ್ಸಿ, ತುರ್ತು ಫೋನ್ ಎಲ್ಲ ಇರುತ್ತದೆ. ಮೊಸರು ಎಲ್ಲಿ ಸಿಗುತ್ತದೆ ಎಂದು ಬರೆದದ್ದನ್ನು ನಾನಂತೂ ನೋಡಿಲ್ಲ.

ಈ ಕೊರತೆಯನ್ನು ತುಂಬುವ ಕೆಲಸ ನನ್ನ ತಲೆಗೆ ಬಂದಿದೆ. ಒಮ್ಮೆ ಕ್ಯೋಟೋಗೆ ಹೋಗಿ ಬಂದೆ ನೋಡಿ, ಅಂದಿನಿಂದ ನೆಂಟರಿಷ್ಟರ ಸಂಪುಟದಲ್ಲಿ ಜಪಾನ್ ಖಾತೆ ನನ್ನದೇ. ಯಾರ ಮಗಳ ಪ್ರಬಂಧ ಒಪ್ಪಿಗೆಯಾದರೂ ಸಂಜೆ ನನಗೆ ಫೋನು.

“ಸಾರ್, ಅಲ್ಲಿ ಸೂಟು ಹಾಕ್ಕೋಬೇಕಾ?”

“ಸೂಟು ಹಾಗಿರಲಿ, ತೂತಿಲ್ಲದ ಕಾಲುಚೀಲ ಇದೆಯೇನಮ್ಮ?”

ಹುಡುಗಿ ನಗುತ್ತಾಳೆ. ನಾನು ಹೇಳಿದ್ದು ನಗುವ ಮಾತಲ್ಲ. ಅಲ್ಲಿನ ದೇವಾಲಯಗಳಲ್ಲಿ, ಹಳೆಯ ಕಾಲದ ವಸತಿಗೃಹಗಳಲ್ಲಿ, ಒಳ್ಳೊಳ್ಳೆಯ ಊಟದ ಮನೆಗಳಲ್ಲಿ ಚಪ್ಪಲಿ ಬಾಗಿಲ ಹೊರಗೆ. ಅಲ್ಲಿಯವರೆಗೆ ನಮಗೆ ಸಲೀಸು, ಹುಟ್ಟಿದಾಗಿನಿಂದ ಬಿಟ್ಟು ಅಭ್ಯಾಸ. ಆಮೇಲೆ ಒಳಗೆ ಓಡಾಡಲು ಒಂದು ಸ್ಲಿಪ್ಪರ್ ಕೊಡುತ್ತಾರೆ. ಚಾಪೆ ಹಾಸಿದ ಕೋಣೆಯ ಹೊಸ್ತಿಲಲ್ಲಿ ಅದನ್ನೂ ಬಿಡಬೇಕು. ಶೌಚಾಲಯದ ಬಾಗಿಲಲ್ಲಿ ಅದಕ್ಕೆಂದೇ ಇಟ್ಟ ಇನ್ನೊಂದು ಜೊತೆ ಕಾಯುತ್ತಿರುತ್ತದೆ. ಆ ಜೊತೆಯಲ್ಲೇ ಊಟದ ಪಂಕ್ತಿಗೆ ವಾಪಸಾಗುವ ವಿದೇಶಿ ವಿದ್ವಾಂಸರನ್ನು ಕಂಡಾಗ ಜಪಾನಿನವರು ಏನೂ ಅನ್ನುವುದಿಲ್ಲ, ಚಾವಣಿ ನೋಡುತ್ತಾರೆ.

ವೀಸಾ ವಿಷಯಕ್ಕೆ ಬರೋಣ. ಆಹ್ವಾನಪತ್ರ, ಬ್ಯಾಂಕ್ ಲೆಕ್ಕ, ಫೋಟೋ ಎಲ್ಲ ಕಡೆಯೂ ಕೇಳುತ್ತಾರೆ. ಜಪಾನಿನವರು ಇದರ ಜೊತೆಗೆ ದಿನವಹಿಯನ್ನೂ ಕೇಳುತ್ತಾರೆ. ಇಂಥ ತಾರೀಕು ಎಲ್ಲಿರುತ್ತೀರಿ, ಏನು ಮಾಡುತ್ತೀರಿ, ರಾತ್ರಿ ಎಲ್ಲಿ ಮಲಗುತ್ತೀರಿ, ಒಂದೊಂದು ದಿನಕ್ಕೂ ಕಾಲಂ ತುಂಬಬೇಕು. ನಾಳೆ ಬೆಳಿಗ್ಗೆ ತಿಂಡಿಗೆ ಏನೆಂದು ಮನೆಯಲ್ಲೇ ತಿಳಿಯದ ನಾವು ಎರಡು ತಿಂಗಳ ಮುಂಚೆ ‘ಸಮ್ಮೇಳನ, ಎರಡನೇ ದಿನ, ಸಂಜೆ ಕಿಂಕಾಕುಜಿ ದೇವಾಲಯ ದರ್ಶನ’ ಎಂದು ಬರೆದು ಸಹಿ ಹಾಕುತ್ತೇವೆ. ಇದರಿಂದ ಒಂದು ಲಾಭವೂ ಉಂಟು. ಇಡೀ ಪ್ರಯಾಣದಲ್ಲಿ ಏನು ಮಾಡಬೇಕೆಂದು ಗಂಡ ಹೆಂಡತಿ ವಾದ ಮಾಡುವಂತಿಲ್ಲ. ಜಪಾನ್ ಸರ್ಕಾರಕ್ಕೆ ಮಾತು ಕೊಟ್ಟಾಗಿದೆ.

ಸಾಮಾನು ಕಟ್ಟುವಾಗ ಅತ್ತೆಯಂದಿರನ್ನು ದೂರ ಇಡಿ. ಪ್ರೀತಿಯಿಂದ ಅವರು ತುರುಕುವ ಹಸಿ ಕರಿಬೇವು, ಬಾದಾಮಿ ಮಾವಿನಹಣ್ಣು ತಪಾಸಣೆಯ ಪ್ರಮಾಣಪತ್ರವಿಲ್ಲದೆ ಅಲ್ಲಿ ಒಳಗೆ ಹೋಗುವುದಿಲ್ಲ. ಔಷಧಿ ಡಬ್ಬಿಯ ಮೇಲೂ ಕಣ್ಣಿರಲಿ. ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳಲ್ಲಿ ಇರುವ ಸ್ಯೂಡೋಎಫೆಡ್ರಿನ್ ಶೇಕಡ 10ಕ್ಕಿಂತ ಹೆಚ್ಚಾದರೆ ಅಲ್ಲಿ ನಿಷಿದ್ಧ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ವೈದ್ಯರ ಚೀಟಿ ಜೊತೆಗಿರಲಿ, ಒಂದು ತಿಂಗಳಿಗಿಂತ ಹೆಚ್ಚಿಗೆ ಒಯ್ಯುವುದಾದರೆ ಮೊದಲೇ ಅನುಮತಿ ಬೇಕು. ಇದಿಷ್ಟು ಗಂಭೀರ ವಿಷಯ, ಹಾಸ್ಯವಿಲ್ಲ.

ಹಾಸ್ಯವಿರುವುದು ಕರೆಂಟಿನಲ್ಲಿ. ನಮ್ಮ ಮನೆಯ ಕರೆಂಟು 230 ವೋಲ್ಟ್, ಅವರದು 100. ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ ಬೇಕು, ನಮ್ಮ ಮೂರು ಗುಂಡು ಕಡ್ಡಿಗೆ ಅಲ್ಲಿ ಜಾಗವಿಲ್ಲ. ಲ್ಯಾಪ್‌ಟಾಪು, ಫೋನುಗಳ ಚಾರ್ಜರ್ ಎರಡಕ್ಕೂ ಹೊಂದಿಕೊಳ್ಳುತ್ತವೆ, ಒಂದು ಅಡಾಪ್ಟರ್ ಇದ್ದರೆ ಮುಗಿಯಿತು. ಆದರೆ ಹೋಟೆಲ್ ಕೋಣೆಯಲ್ಲಿ ಅನ್ನ ಮಾಡಿಕೊಳ್ಳುತ್ತೇನೆಂದು ನಮ್ಮೂರಿನ ಎಲೆಕ್ಟ್ರಿಕ್ ಕೆಟಲ್ ಒಯ್ದವರ ಕಥೆಯೇ ಬೇರೆ. ಅಲ್ಲಿ ಅದಕ್ಕೆ ಬರುವ ಶಾಖ ಇಲ್ಲಿಯ ಐದನೇ ಒಂದು ಭಾಗ. ನೀರು ಬೆಚ್ಚಗಾಗುವಷ್ಟರಲ್ಲಿ ಮೊದಲ ಗೋಷ್ಠಿ ಮುಗಿದಿರುತ್ತದೆ. ಇನ್ನೊಂದು ಸೋಜಿಗ ಕೇಳಿ. ಜಪಾನಿನ ಪೂರ್ವಾರ್ಧದಲ್ಲಿ ಕರೆಂಟಿನ ಆವರ್ತನ 50, ಪಶ್ಚಿಮಾರ್ಧದಲ್ಲಿ 60. ಹತ್ತೊಂಬತ್ತನೇ ಶತಮಾನದ ಕೊನೆಗೆ ಟೋಕಿಯೋದವರು ಜರ್ಮನಿಯಿಂದಲೂ ಒಸಾಕಾದವರು ಅಮೆರಿಕದಿಂದಲೂ ಜನರೇಟರ್ ತರಿಸಿದ್ದರ ಫಲ. ಅಷ್ಟೊಂದು ಅಚ್ಚುಕಟ್ಟಿನ ಜನ ಇಂದಿಗೂ ಅದನ್ನು ಒಂದು ಮಾಡಿಲ್ಲ ಎಂಬುದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ.

ಬೆಂಗಳೂರಿನಿಂದ ಟೋಕಿಯೋದ ನರಿತಾಗೆ ನೇರ ವಿಮಾನವುಂಟು. ಅಲ್ಲಿಂದ ಟೋಕಿಯೋ ನಗರಕ್ಕೆ ಬಂದು ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಹತ್ತಿದರೆ ಸುಮಾರು ಎರಡೂಕಾಲು ಗಂಟೆಯಲ್ಲಿ ಕ್ಯೋಟೋ. ಬೇರೆ ದೇಶದ ಮೂಲಕ ಸುತ್ತಿ ಹೋಗುವವರು ಒಸಾಕಾದ ಬಳಿಯ ಕನ್ಸಾಯ್ ನಿಲ್ದಾಣದಲ್ಲಿ ಇಳಿಯುವುದು ಮೇಲು; ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲಿನ ಆ ನಿಲ್ದಾಣದಿಂದ ಹರುಕಾ ರೈಲು ಒಂದೂಕಾಲು ಗಂಟೆಯಲ್ಲಿ ಕ್ಯೋಟೋ ಮುಟ್ಟಿಸುತ್ತದೆ. ಶಿಂಕಾನ್ಸೆನ್‌ಗೆ ಪೆಟ್ಟಿಗೆಯ ಲೆಕ್ಕವಿದೆ. ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ದಾಟಿದರೆ ಅದಕ್ಕೆಂದು ಮೊದಲೇ ಸೀಟು ಕಾದಿರಿಸಬೇಕು. ಮಗಳ ಮದುವೆಗೆ ಕೊಂಡ ಸೂಟ್‌ಕೇಸು ಖಂಡಿತ ದಾಟುತ್ತದೆ. ಅಂಥವರಿಗೆಂದೇ ತಕ್ಯೂಬಿನ್ ಎಂಬ ಸೇವೆ ಇದೆ, 1976ರಲ್ಲಿ ಶುರುವಾದದ್ದು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪೆಟ್ಟಿಗೆ ಒಪ್ಪಿಸಿ ಹೋಟೆಲ್ ವಿಳಾಸ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಕೋಣೆಗೆ ಬಂದಿರುತ್ತದೆ. ಮೊದಲ ರಾತ್ರಿಯ ಬಟ್ಟೆ, ಭಾಷಣದ ಪ್ರತಿ, ಚಟ್ನಿಪುಡಿ ಈ ಮೂರನ್ನು ಕೈಚೀಲದಲ್ಲಿ ಉಳಿಸಿಕೊಳ್ಳಿ.

ಕ್ಯೋಟೋದ ಅಂತರರಾಷ್ಟ್ರೀಯ ಸಮ್ಮೇಳನ ಭವನ ಊರಿನ ಉತ್ತರದ ತುದಿಯಲ್ಲಿ, ತಕರಗಾಯ್ಕೆ ಎಂಬ ಕೆರೆಯ ದಂಡೆಯಲ್ಲಿದೆ. ಕರಸುಮಾ ಸುರಂಗ ರೈಲಿನ ಕೊನೆಯ ನಿಲ್ದಾಣವೇ ಅದು, ಮುಖ್ಯ ರೈಲು ನಿಲ್ದಾಣದಿಂದ ಇಪ್ಪತ್ತು ನಿಮಿಷ. ರೈಲಿನಲ್ಲಿ ತೂಕಡಿಸಿದರೂ ನಿಲ್ದಾಣ ತಪ್ಪುವ ಭಯವಿಲ್ಲ, ಅಲ್ಲಿಂದ ಮುಂದೆ ಹಳಿಯೇ ಇಲ್ಲ. ಸಚಿಯೋ ಒತಾನಿ ವಿನ್ಯಾಸ ಮಾಡಿದ ಕಟ್ಟಡ, 1966ರಲ್ಲಿ ತೆರೆಯಿತು. ಗೋಡೆಗಳೆಲ್ಲ ಓರೆ, ನೇರ ನಿಂತ ಗೋಡೆ ಹುಡುಕಬೇಕು. 1997ರ ಡಿಸೆಂಬರಿನಲ್ಲಿ ಭೂಮಿಯ ಬಿಸಿ ತಡೆಯಲೆಂದು ಮಾಡಿದ ಕ್ಯೋಟೋ ಒಪ್ಪಂದ ಅಂಗೀಕಾರವಾದದ್ದು ಇದೇ ಭವನದಲ್ಲಿ, ನಿಗದಿಯಾದ ಕೊನೆಯ ದಿನ ದಾಟಿ, ರಾತ್ರಿಯೆಲ್ಲ ಚರ್ಚೆ ಎಳೆದಾಡಿ. ಭೂಮಿ ಬಿಸಿಯೇರುವ ವಿಷಯದ ಪರಿಣಾಮ ಪ್ರತಿನಿಧಿಗಳ ಕುತ್ತಿಗೆಯ ಮೇಲೂ ಆಗಿದೆ. 2005ರಲ್ಲಿ ಜಪಾನ್ ಸರ್ಕಾರ ‘ಕೂಲ್ ಬಿಜ್’ ಎಂಬ ಚಳವಳಿ ಹೂಡಿತು. ಬೇಸಿಗೆಯಲ್ಲಿ ಕಚೇರಿಯ ಎಸಿ 28 ಡಿಗ್ರಿಗೆ ಇಡಿ, ಟೈ ಕೋಟು ಬಿಡಿ ಎಂದು. ಕ್ಯೋಟೋ ಸುತ್ತ ಬೆಟ್ಟವಿರುವ ತಗ್ಗಿನ ಊರು, ಜುಲೈ ಆಗಸ್ಟಿನ ಧಗೆ ಮಂಗಳೂರಿನವರನ್ನೂ ಕೂರಿಸಿ ಬಿಡುತ್ತದೆ. ಆದ್ದರಿಂದ ಬೇಸಿಗೆಯ ಸಮ್ಮೇಳನವಾದರೆ ಹತ್ತಿಯ ಅಂಗಿ ಸಾಕು, ಸೂಟಿನ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು.

ಮುಖ್ಯವಾದ ಎಚ್ಚರಿಕೆಯೊಂದು ಗಂಟೆಯದು. ಜಪಾನಿನ ಬಹಳಷ್ಟು ಗೋಷ್ಠಿಗಳಲ್ಲಿ ಮೇಜಿನ ಮೇಲೆ ಒಂದು ಪುಟ್ಟ ಗಂಟೆ ಇರುತ್ತದೆ, ಅದರ ಹಿಂದೆ ಒಬ್ಬ ಸೌಮ್ಯ ಮುಖದ ವಿದ್ಯಾರ್ಥಿ. ಮೊದಲ ಸಲ ಟಿಂಗ್ ಎಂದರೆ ಸಮಯ ಮುಗಿಯುತ್ತ ಬಂತು. ಎರಡನೆಯ ಸಲಕ್ಕೆ ಭಾಷಣ ಮುಗಿಯಿತು. ಮೂರನೆಯದಕ್ಕೆ ಪ್ರಶ್ನೋತ್ತರವೂ ಮುಗಿಯಿತು. ‘ಒಂದೇ ನಿಮಿಷ, ಮುಗಿಸಿಬಿಡ್ತೀನಿ’ ಎಂದು ಹೇಳಿ ಇಪ್ಪತ್ತು ನಿಮಿಷ ಗಿಟ್ಟಿಸುವ ನಮ್ಮ ಕಲೆಗೆ ಅಲ್ಲಿ ಬೆಲೆಯಿಲ್ಲ. ನಮ್ಮ ಕಡೆಯ ಹಿರಿಯರೊಬ್ಬರು ಮೊದಲ ಗಂಟೆಗೆ ನಕ್ಕು ತಲೆಯಾಡಿಸಿದರು, ಎರಡನೆಯದಕ್ಕೆ ‘ಥ್ಯಾಂಕ್ಯೂ’ ಅಂದು ಪೀಠಿಕೆ ಮುಂದುವರಿಸಿದರು. ಆ ಹುಡುಗ ಮೂರನೆಯ ಸಲ ಬಾರಿಸುವ ಮುಂಚೆ ಎದ್ದು ನಿಂತು, ಸೊಂಟ ಬಾಗಿಸಿ ನಮಸ್ಕರಿಸಿ, ಮತ್ತೆ ಕೂತು ಬಾರಿಸಿದ. ಅಷ್ಟು ಮರ್ಯಾದೆಯಿಂದ ಬಾಯಿ ಮುಚ್ಚಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಿಸಿಟಿಂಗ್ ಕಾರ್ಡು ಧಾರಾಳವಾಗಿ ಒಯ್ಯಿರಿ. ಎರಡು ಕೈಯಲ್ಲಿ ಕೊಡಬೇಕು, ಎರಡು ಕೈಯಲ್ಲಿ ತಗೊಳ್ಳಬೇಕು, ತಗೊಂಡದ್ದನ್ನು ಓದಬೇಕು. ಪ್ಯಾಂಟಿನ ಹಿಂಜೇಬಿಗೆ ಹಾಕಿ ಅದರ ಮೇಲೆ ಕೂರಬಾರದು. ಕೊಟ್ಟವರು ಎದುರಿಗೇ ಇರುತ್ತಾರೆ.

ಈಗ ಊಟ. ಮಾಂಸಾಹಾರಿಗಳು ಈ ಭಾಗ ಬಿಟ್ಟು ಮುಂದೆ ಹೋಗಬಹುದು, ಜಪಾನು ಅವರಿಗೆ ಸ್ವರ್ಗ. ಸಸ್ಯಾಹಾರಿಗೆ ಅಲ್ಲಿ ಎದುರಾಗುವ ತೊಡಕಿನ ಹೆಸರು ದಾಶಿ. ಬೊನಿಟೊ ಎಂಬ ಮೀನನ್ನು ಬೇಯಿಸಿ, ಹೊಗೆ ಹಾಕಿ, ವಾರಗಟ್ಟಲೆ ಒಣಗಿಸಿ, ಕುಟ್ಟಿದರೆ ಟಕ್ ಎನ್ನುವಷ್ಟು ಗಟ್ಟಿ ಮಾಡುತ್ತಾರೆ. ಉಜ್ಜುಗೊರಡನ್ನು ಅಂಗಾತ ಕೂರಿಸಿದ ಪೆಟ್ಟಿಗೆಯ ಮೇಲೆ ಅದನ್ನು ಕೀಸುತ್ತಾರೆ. ಆ ತೆಳ್ಳನೆಯ ಎಸಳುಗಳನ್ನು ಕಡಲಪಾಚಿಯ ಜೊತೆ ಬಿಸಿನೀರಿಗೆ ಹಾಕಿ ಸೋಸಿದ ತಿಳಿಯೇ ದಾಶಿ. ಸೂಪಿಗೆ, ಪಲ್ಯಕ್ಕೆ, ನೂಡಲ್ಸಿಗೆ, ಅದ್ದಿಕೊಳ್ಳುವ ರಸಕ್ಕೆ, ಎಲ್ಲಕ್ಕೂ ಅದೇ ಆಧಾರ. “ಇದರಲ್ಲಿ ಮೀನಿದೆಯಾ?” ಎಂದು ಕೇಳಿದರೆ ಬಡಿಸುವಾಕೆ ಬಟ್ಟಲೊಳಗೆ ಬಗ್ಗಿ ನೋಡಿ, ಪ್ರಾಮಾಣಿಕವಾಗಿ “ಇಲ್ಲ” ಎನ್ನುತ್ತಾಳೆ. ಹೋಳಿಲ್ಲ ತಾನೆ! ಹೀಗಾಗಿ ಮಾಂಸ, ಮೀನು, ಮೀನಿನ ದಾಶಿ ಬೇಡ ಎಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ.

ಕ್ಯೋಟೋ ಗುಡಿಗಳ ಊರಾದದ್ದು ನಮ್ಮ ಪುಣ್ಯ. ಜೆನ್ ಮಠಗಳ ಅಡುಗೆಯಾದ ಶೋಜಿನ್ ರ್ಯೋರಿಯಲ್ಲಿ ದಾಶಿ ಕೂಡ ಕಡಲಪಾಚಿ, ಅಣಬೆಗಳದೇ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಡಿ ಹೆಂಗಸರೊಬ್ಬರಿಗೆ ಇದನ್ನು ಹೇಳಿದಾಗ “ಅಯ್ಯೋ, ನಮ್ಮವರೇ ಬಿಡಿ” ಎಂದರು. ನಾನ್ಜೆನ್‌ಜಿ ದೇವಾಲಯದ ಆಸುಪಾಸಿನಲ್ಲಿ ಯುದೋಫು ಎಂಬ ಬಿಸಿನೀರಿನ ತೋಫು ಪ್ರಸಿದ್ಧ. ರುಚಿ ಇದೆಯೋ ಇಲ್ಲವೋ ಎಂದು ನಿರ್ಧರಿಸುವಷ್ಟರಲ್ಲಿ ಅದು ಗಂಟಲಿಂದ ಇಳಿದಿರುತ್ತದೆ. ಬಿಲ್ಲು ಮಾತ್ರ ನೆನಪಿರುತ್ತದೆ.

ದಿನನಿತ್ಯಕ್ಕೆ ಮೂಲೆಮೂಲೆಗೂ ಇರುವ ಕೊಂಬಿನಿ ಅಂಗಡಿಯೇ ಗತಿ. ಹಗಲೂ ರಾತ್ರಿ ತೆರೆದಿರುತ್ತದೆ, ನಮ್ಮ ಕಾರ್ಡಿಗೆ ಹಣ ಕೊಡುವ ಎಟಿಎಂ ಕೂಡ ಅಲ್ಲಿರುತ್ತದೆ. ಬೆಂದ ಅನ್ನದ ಪೊಟ್ಟಣ ಕೊಳ್ಳಿ, ಮೈಕ್ರೋವೇವ್‌ನಲ್ಲಿ ಎರಡು ನಿಮಿಷ. ಮೊಸರಿಗೆ ಮೇಜಿ ಕಂಪನಿಯವರು 1973ರಿಂದ ಬಲ್ಗೇರಿಯಾದ ಹೆಸರಲ್ಲಿ ಮಾರುವ ಸಿಹಿಯಿಲ್ಲದ ಡಬ್ಬಿ ನೋಡಿ. ಅವರ ಅಕ್ಕಿ ಮೊದಲೇ ಅಂಟು ಅಂಟು, ಹಿಚುಕುವ ಶ್ರಮವಿಲ್ಲ. ಮನೆಯಿಂದ ತಂದ ಮೆಂತ್ಯದ ಹಿಟ್ಟು ಉದುರಿಸಿ, ನಂಚಿಕೊಳ್ಳಲು ಉಮೆಬೊಶಿ ಎಂಬ ಉಪ್ಪಿಗೆ ಹಾಕಿದ ಹುಳಿಹಣ್ಣು. ಒಗ್ಗರಣೆಯ ಆಸೆ ಬಿಡಬೇಕು; ಹೋಟೆಲ್ ಕೋಣೆಯ ಹೊಗೆ ಗಂಟೆ ಗೋಷ್ಠಿಯ ಗಂಟೆಯಷ್ಟು ಮರ್ಯಾದಸ್ತವಲ್ಲ. ಕಾಫಿ ಬೀದಿಯ ಯಂತ್ರದಲ್ಲೇ ಸಿಗುತ್ತದೆ, ಕೆಂಪು ಪಟ್ಟಿ ಇದ್ದರೆ ಬಿಸಿ, ನೀಲಿಯಾದರೆ ತಣ್ಣಗೆ. ಕುಡಿದ ಡಬ್ಬಿಯನ್ನು ಎಸೆಯಲು ಕಸದ ತೊಟ್ಟಿ ಹುಡುಕುತ್ತ ಹೋದರೆ ಮೈಲಿಗಟ್ಟಲೆ ನಡೆಯುತ್ತೀರಿ, ಆರೋಗ್ಯಕ್ಕೆ ಒಳ್ಳೆಯದು.

ಸಣ್ಣಪುಟ್ಟದ್ದು ಇನ್ನೂ ಇವೆ. ಊರಿನ ಬಸ್ಸಿಗೆ ಹಿಂಬಾಗಿಲಲ್ಲಿ ಹತ್ತಿ ಮುಂಬಾಗಿಲಲ್ಲಿ ಇಳಿಯಬೇಕು, ದುಡ್ಡು ಇಳಿಯುವಾಗ. ಸಾವಿರ ಯೆನ್‌ಗಿಂತ ದೊಡ್ಡ ನೋಟಿಗೆ ಬಸ್ಸಿನಲ್ಲಿ ಚಿಲ್ಲರೆ ಸಿಗದು, ಮೊದಲೇ ಹಣ ತುಂಬಿಸಿಟ್ಟ ಇಕೋಕಾ ಎಂಬ ಪ್ರಯಾಣದ ಕಾರ್ಡು ಇದ್ದರೆ ಆ ರಗಳೆಯೇ ಇಲ್ಲ. ಟಿಪ್ಸ್ ಕೊಡಬೇಡಿ, ಮರೆತು ಬಿಟ್ಟಿರಿ ಎಂದು ಬೀದಿಯವರೆಗೆ ಓಡಿ ಬಂದು ವಾಪಸು ಕೊಡುತ್ತಾರೆ. ಪಾಸ್‌ಪೋರ್ಟು ಸದಾ ಮೈಮೇಲಿರಬೇಕೆಂಬುದು ಕಾನೂನು. ಪೊಲೀಸರಿಗೆ 110, ಆಂಬುಲೆನ್ಸಿಗೆ 119. ಯುರೋಪಿಗೆ ಹೋಗಿ ಬಂದವರು ಅಳುಕುತ್ತ ಕೇಳುವ ಇನ್ನೊಂದು ಪ್ರಶ್ನೆ ಇದೆಯಲ್ಲ, ಅದಕ್ಕೆ ಉತ್ತರ: ನೀರಿದೆ. ಬೇಕಾದಷ್ಟು ಗುಂಡಿಗಳಿವೆ, ಉಗುರು ಬೆಚ್ಚಗಿನ ನೀರು, ಒತ್ತಡ ಹೆಚ್ಚು ಕಡಿಮೆ ಮಾಡಬಹುದು. ಒತ್ತುವ ಮುನ್ನ ಚಿತ್ರ ನೋಡಿಕೊಂಡರೆ ಸಾಕು.

ಬರುವಾಗ ಊರಿನವರಿಗೆ ಏನು ತರುವುದು ಎಂದರೆ ಯತ್ಸುಹಾಶಿ. ಅಕ್ಕಿಹಿಟ್ಟಿನ ತೆಳು ಹಾಳೆಗೆ ದಾಲ್ಚಿನ್ನಿ ಸೇರಿಸಿ, ನಡುವೆ ಅಲಸಂದೆಯ ಜಾತಿಯ ಕೆಂಪು ಕಾಳಿನ ಸಿಹಿ ಇಟ್ಟು ತ್ರಿಕೋನವಾಗಿ ಮಡಚಿದ್ದು. ಮೆತ್ತಗಿನದು ಬೇಗ ಕೆಡುತ್ತದೆ, ಕೊನೆಯ ದಿನ ನಿಲ್ದಾಣದಲ್ಲಿ ಕೊಳ್ಳಬೇಕು. ನಾನು ತಂದದ್ದನ್ನು ನಮ್ಮ ಮಾವನವರು ಎರಡು ತಿಂದು, ಮೂರನೆಯದಕ್ಕೆ ಕೈ ಹಾಕುತ್ತ ತೀರ್ಪು ಕೊಟ್ಟರು: “ಹೂರಣ ಪರವಾಗಿಲ್ಲ ಕಣಪ್ಪ, ಆದ್ರೆ ಏಲಕ್ಕಿ ಹಾಕೋದು ಅವರಿಗೆ ಯಾರೂ ಹೇಳಿಕೊಟ್ಟ ಹಾಗೆ ಕಾಣಲ್ಲ.”