ಕೇಡುಗಾಲದ ಚಿತ್ರಗಳ ಪಾಕಭೇದ ನಿರ್ಣಯ

ಬರಲಿರುವ ಕೇಡುಗಾಲವನ್ನು ತೋರಿಸುವ ಚಿತ್ರಗಳನ್ನು ಪಂಡಿತರು ಈವರೆಗೆ ಯಂತ್ರ ನೋಡಿ ವಿಂಗಡಿಸುತ್ತ ಬಂದಿದ್ದಾರೆ: ರೋಬೋ ಓಡಾಡುವಂಥವು, ಕಂಪ್ಯೂಟರ್ ಆಳುವಂಥವು, ಮಿದುಳಿಗೆ ವೈರು ಚುಚ್ಚುವಂಥವು. ಈ ಮತ ಖಂಡನೀಯ, ಏಕೆಂದರೆ ಯಂತ್ರ ಹಳತಾಗುತ್ತದೆ. 1995ರ ‘ಜಾನಿ ನಿಮಾನಿಕ್’ನ ನಾಯಕ ತಲೆಯೊಳಗೆ 320 ಗಿಗಾಬೈಟ್ ತುಂಬಿಸಿಕೊಂಡು ಸಾಯುವ ಸ್ಥಿತಿಗೆ ಬರುತ್ತಾನೆ, ಇವತ್ತು ಅಷ್ಟನ್ನು ಉಗುರಗಲದ ಮೆಮೊರಿ ಕಾರ್ಡು ನುಂಗಿ ಸುಮ್ಮನಿರುತ್ತದೆ. ಹಳತಾಗದೆ ಉಳಿಯುವುದು ಹೊಟ್ಟೆಯೊಂದೇ. ಆದ್ದರಿಂದ ತಟ್ಟೆಯೇ ಪ್ರಮಾಣ. ಉಣ್ಣುವವನಿಗೆ ತಾನು ಉಣ್ಣುತ್ತಿರುವುದೇನು, ಬೇಯಿಸಿದವರಾರು ಎಂಬುದು ಎಷ್ಟು ಗೊತ್ತಿದೆ ಎಂದು ಕೇಳಿದರೆ ಸಾಕು, ಆ ರಾಜ್ಯದ ಹಣೆಬರಹ ತಿಳಿಯುತ್ತದೆ. ಭಕ್ಷ್ಯ, ಭೋಜ್ಯ, ಲೇಹ್ಯ, ಪೇಯ ಎಂಬ ನಮ್ಮ ಹಳೆಯ ವಿಂಗಡಣೆ ಇಲ್ಲಿ ನಡೆಯದು. ಅದನ್ನು ಮಾಡಿದವರು ತಟ್ಟೆಯಲ್ಲಿರುವುದು ಅನ್ನವೆಂದು ನಂಬಿದ್ದ ಕಾಲದವರು.

ಮೊದಲನೆಯದು ದೃಷ್ಟಪಾಕ. ಬೇಯಿಸುವವನು ಕಣ್ಣಿಗೆ ಬೀಳಬೇಕು ಎಂಬುದೇ ಇದರ ಲಕ್ಷಣ. ರಿಡ್ಲಿ ಸ್ಕಾಟ್‌ನ ‘ಬ್ಲೇಡ್ ರನ್ನರ್’ (1982) ಇದಕ್ಕೆ ನಿದರ್ಶನ. ಚಿತ್ರ ಊಹಿಸಿದ 2019ರ ಲಾಸ್ ಏಂಜಲೀಸಿನಲ್ಲಿ ಮಳೆಗೆ ಬಿಡುವಿಲ್ಲ, ಬೆಳಕಿಗೆ ಗತಿಯಿಲ್ಲ. ನಾಯಕ ಡೆಕಾರ್ಡ್ ಬೀದಿಬದಿಯ ನೂಡಲ್ಸ್ ಅಂಗಡಿಯಲ್ಲಿ ಕೂತು ನಾಲ್ಕು ಬೇಕೆನ್ನುತ್ತಾನೆ. ಅಂಗಡಿಯ ಮುದುಕ ಜಪಾನಿಯಲ್ಲಿ, ಎರಡೇ ಸಾಕು ಎನ್ನುತ್ತಾನೆ. ಇವನು ಎರಡೂ ಎರಡೂ ಸೇರಿ ನಾಲ್ಕು ಎಂದು ಲೆಕ್ಕ ಹೇಳಿಕೊಟ್ಟರೂ ಅವನು ಜಗ್ಗುವುದಿಲ್ಲ. ಜೊತೆಗಿಷ್ಟು ನೂಡಲ್ಸ್ ಹಾಕು ಎಂದು ಇವನೇ ರಾಜಿಯಾಗಬೇಕಾಗುತ್ತದೆ. ಪೊಲೀಸರು ಬಂದು ಎಬ್ಬಿಸಿದಾಗ ಬಟ್ಟಲು ಹಿಡಿದುಕೊಂಡೇ ಹಾರುವ ಕಾರು ಹತ್ತುತ್ತಾನೆ. ಗಿರಾಕಿಯ ಜೊತೆ ಜಗಳಕ್ಕೆ ನಿಲ್ಲುವ ಅಡುಗೆಯವನು ಇರುವ ತನಕ ಊರು ಪೂರ್ತಿ ಕೆಟ್ಟಿಲ್ಲ ಎಂಬುದು ನನ್ನ ಸಿದ್ಧಾಂತ. (2007ರ ‘ಫೈನಲ್ ಕಟ್’ ಪ್ರತಿಯನ್ನೇ ನೋಡುವುದು. ಮೊದಲ ಪ್ರತಿಯಲ್ಲಿ ನಾಯಕನ ಹಿನ್ನೆಲೆ ಮಾತನ್ನು ಬೇಡ ಬೇಡವೆಂದರೂ ಬಡಿಸುತ್ತಾರೆ.)

ಎರಡನೆಯದು ಚಿತ್ರಪಾಕ. ಇಲ್ಲಿ ಊಟಕ್ಕಿಂತ ಊಟದ ಪಟ ದೊಡ್ಡದು. ಟೆರಿ ಗಿಲಿಯಮ್‌ನ ‘ಬ್ರೆಜಿಲ್’ (1985) ಈ ವರ್ಗದ ಕಿರೀಟ. ಕಚೇರಿಯ ಟೈಪ್ ಯಂತ್ರದಲ್ಲಿ ನೊಣವೊಂದು ಬಿದ್ದು ಟಟಲ್ ಎಂಬ ಹೆಸರು ಬಟಲ್ ಆಗಿ, ಏನೂ ಅರಿಯದವನೊಬ್ಬ ಪ್ರಾಣ ಕಳೆದುಕೊಳ್ಳುವ ಕಥೆಯಿದು. ಅದರ ನಡುವೆ ದೊಡ್ಡ ಹೋಟೆಲೊಂದರಲ್ಲಿ ನಾಯಕ ಸ್ಯಾಮ್ ತಾಯಿಯ ಜೊತೆ ಊಟಕ್ಕೆ ಕೂರುತ್ತಾನೆ. ತಿಂಡಿಯ ಹೆಸರು ಹೇಳಿದರೆ ಮಾಣಿ ಒಪ್ಪುವುದಿಲ್ಲ, ನಂಬರನ್ನೇ ಹೇಳಬೇಕು. ಬರುವುದು ಹಸಿರು ಮುದ್ದೆ, ಪಕ್ಕದಲ್ಲಿ ಕಡ್ಡಿಗೆ ಸಿಕ್ಕಿಸಿದ ಸೊಗಸಾದ ಮಾಂಸದ ಫೋಟೋ. ಅಷ್ಟರಲ್ಲಿ ಬಾಂಬು ಸಿಡಿಯುತ್ತದೆ. ಗಾಯಾಳುಗಳು ಕಾಣದಂತೆ ಪರದೆ ಇಟ್ಟು ಬಡಿಸುವುದನ್ನು ಮುಂದುವರಿಸುತ್ತಾರೆ. ಈ ದೃಶ್ಯಕ್ಕೆ ಮಿಗಿಲಾದ ದೃಶ್ಯವನ್ನು ಇಡೀ ಶಾಸ್ತ್ರದಲ್ಲಿ ನಾನು ಕಾಣೆ.

‘ದ ಮೇಟ್ರಿಕ್ಸ್’ (1999) ಇದರ ಉಪಭೇದ. ಅಲ್ಲಿ ಪಟವೂ ಇಲ್ಲ, ಬರೀ ಭ್ರಮೆ. ಸೈಫರ್ ಎಂಬವನು ಇದು ಮಾಯೆಯೆಂದು ಬಲ್ಲೆ ಎನ್ನುತ್ತಲೇ ಮಾಂಸದ ತುಣುಕನ್ನು ಕಣ್ಣು ಮುಚ್ಚಿ ಚಪ್ಪರಿಸುತ್ತಾನೆ, ಅದಕ್ಕಾಗಿಯೇ ಸಂಗಡಿಗರನ್ನು ಮಾರುತ್ತಾನೆ. ಭ್ರಮೆಯಿಂದ ಹೊರಬಂದು ಅವರು ಬದುಕುವ ಹಡಗಿನಲ್ಲಿ ದಿನವೂ ಸಿಗುವ ಬಿಳಿ ಗಂಜಿಯನ್ನು ನೋಡಿದವರು ಅವನನ್ನು ಪೂರ್ತಿ ಬೈಯಲಾರರು.

ಮೂರನೆಯದಕ್ಕೆ ಹೆಸರು ಹುಡುಕುವ ಶ್ರಮವೇ ಇಲ್ಲ: ಪಂಕ್ತಿಭೇದ. ಬಾಂಗ್ ಜೂನ್ ಹೋ ಅವರ ‘ಸ್ನೋಪಿಯರ್ಸರ್’ನಲ್ಲಿ (2013) ಹಿಮಗಟ್ಟಿದ ಭೂಮಿಯನ್ನು ರೈಲೊಂದು ನಿಲ್ಲದೆ ಸುತ್ತುತ್ತದೆ. ಹಿಂದಿನ ಬೋಗಿಗೆ ಕಪ್ಪು ಲೋಳೆಗಟ್ಟಿ, ಮುಂದಿನವರಿಗೆ ವರ್ಷಕ್ಕೆರಡು ಸಲ ಸುಶಿ. ಸ್ಪೇನಿನ ‘ದ ಪ್ಲಾಟ್‌ಫಾರ್ಮ್’ (2019) ಇದನ್ನೇ ಎತ್ತಿ ನಿಲ್ಲಿಸಿದೆ. ಸೆರೆಮನೆಯ ಮೇಲಂತಸ್ತಿನಿಂದ ತುಂಬಿದ ಮೇಜು ಇಳಿಯುತ್ತದೆ, ಕೆಳಗಿನವರಿಗೆ ಮೇಲಿನವರ ಎಂಜಲು. ತಿಂಗಳಿಗೊಮ್ಮೆ ಅಂತಸ್ತು ಬದಲಾಗುತ್ತದೆ, ಆದರೂ ಮೇಲೇರಿದವನು ಕೆಳಗಿದ್ದ ತಿಂಗಳನ್ನು ನೆನೆದು ಒಂದು ತುತ್ತೂ ಬಿಡುವುದಿಲ್ಲ. ಮಡಿಪಂಕ್ತಿಯಲ್ಲಿ ಎಬ್ಬಿಸಿಕೊಂಡವರಿಗೆ ವ್ಯಾಖ್ಯಾನ ಬೇಡ.

ನಾಲ್ಕನೆಯದಾದ ಗೂಢಪಾಕದಲ್ಲಿ ಅಡುಗೆಮನೆಗೆ ಬೀಗ. ರಿಚರ್ಡ್ ಫ್ಲೈಶರ್‌ನ ‘ಸಾಯಲೆಂಟ್ ಗ್ರೀನ್’ (1973) 2022ರ ನ್ಯೂಯಾರ್ಕನ್ನು ಊಹಿಸಿದೆ. ಜನಸಂಖ್ಯೆ 4 ಕೋಟಿ, ಹಸಿರು ಬಿಲ್ಲೆಯ ವಿತರಣೆ ಮಂಗಳವಾರ. ಅದು ಯಾವುದರಿಂದ ತಯಾರಾಗುತ್ತದೆ ಎಂದು ಹೇಳುವುದು ಶಾಸ್ತ್ರನಿಷಿದ್ಧ. ಪೊಲೀಸಿನವನು ಕೊಲೆಯಾದ ಸಾಹುಕಾರನ ಮನೆಯಿಂದ ಮಾಂಸ, ಸೊಪ್ಪು, ಸೇಬು ಎತ್ತಿ ತಂದಾಗ ಅವನ ಜೊತೆ ವಾಸಿಸುವ ಮುದುಕ ಸಾಲ್ ಮಾಂಸವನ್ನು ನೋಡಿಯೇ ಅಳುತ್ತಾನೆ. ಆಮೇಲೆ ಅಡುಗೆ ಮಾಡಿ ಬಡಿಸುತ್ತಾನೆ. ಹುಟ್ಟಿದಾಗಿನಿಂದ ಇಂಥದ್ದನ್ನು ಕಾಣದ ಪೊಲೀಸಿನವನು ಸೊಪ್ಪಿನ ಎಲೆ ಕಚ್ಚಿ ನೋಡುತ್ತಾನೆ. ಸಾಲ್ ಪಾತ್ರದ ಎಡ್ವರ್ಡ್ ಜಿ. ರಾಬಿನ್ಸನ್ ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಕೊಂಡ. ಈ ಕಡೆ ಫ್ರಾನ್ಸಿನ ‘ಡೆಲಿಕಟೆಸನ್’ನಲ್ಲಿ (1991) ಮನೆ ಮಾಲೀಕನೇ ಕಸಾಯಿ, ಬಾಡಿಗೆದಾರರು ಆಗಾಗ ಕಡಿಮೆಯಾಗುತ್ತಾರೆ, ಸಸ್ಯಾಹಾರಿಗಳು ಚರಂಡಿಯಲ್ಲಿ ಅಡಗಿ ಕ್ರಾಂತಿ ನಡೆಸುತ್ತಾರೆ.

ಸ್ನೋಪಿಯರ್ಸರ್‌ನ ಲೋಳೆಗಟ್ಟಿಯೂ ಗೂಢಪಾಕವೇ ಅಲ್ಲವೇ ಎಂದು ಪೂರ್ವಪಕ್ಷ. ಹೌದು, ಅದು ಸಂಕರ. ಆ ಗಟ್ಟಿ ಅರೆಯುವಲ್ಲಿ ಜಿರಲೆ ಕಂಡಮೇಲೆ ವರ್ಗದ ಚರ್ಚೆ ಯಾರಿಗೆ ಬೇಕು? ‘ಘೋಸ್ಟ್ ಇನ್ ದ ಶೆಲ್’ನ (1995) ಯಂತ್ರದೇಹದ ಕುಸನಾಗಿ ದೋಣಿಯಲ್ಲಿ ಕೂತು ಬಿಯರ್ ಕುಡಿದರೂ ಬೇಕೆಂದಾಗ ಕ್ಷಣದಲ್ಲಿ ಅಮಲಿಳಿಸಿಕೊಳ್ಳಬಲ್ಲಳು. ಅವಳನ್ನು ಯಾವ ಪಂಕ್ತಿಗೂ ಸೇರಿಸದೆ ದೋಣಿಯಲ್ಲೇ ಬಿಟ್ಟಿದ್ದೇನೆ.

ಇನ್ನು ನೋಡುವ ವಿಧಿ. ಬ್ರೆಜಿಲ್ ಊಟವಾದ ಮೇಲೆ. ಪ್ಲಾಟ್‌ಫಾರ್ಮ್ ಏಕಾದಶಿಯ ದಿನ. ಡೆಲಿಕಟೆಸನ್ ಬಾಡಿಗೆ ಕೊಟ್ಟಾದ ಮೇಲೆ. ಸಾಯಲೆಂಟ್ ಗ್ರೀನ್ ಮಂಗಳವಾರ, ಬಿಸ್ಕತ್ತಿಲ್ಲದೆ.