ಮಿಸ್ ಕಾಲಿನ ಮುಯ್ಯಿ

ಫೋನನ್ನು ನಾವು ಮಾಡುತ್ತೇವೆ, ಮಿಸ್ ಕಾಲನ್ನು ಕೊಡುತ್ತೇವೆ. ಯಾವ ವ್ಯಾಕರಣದ ಮೇಷ್ಟ್ರೂ ಹೇಳಿಕೊಡದಿದ್ದರೂ ಜನ ಈ ವ್ಯತ್ಯಾಸವನ್ನು ತಪ್ಪದೆ ಪಾಲಿಸುತ್ತಾರೆ. ಇಂಗ್ಲಿಷಿನವನ ಪಾಲಿಗೆ ಅದು ಕೈತಪ್ಪಿದ ಕರೆ, ಒಂದು ಸಣ್ಣ ನಷ್ಟ. ನಮ್ಮ ಬಾಯಲ್ಲಿ ಅದು ತಾಂಬೂಲ ಕೊಟ್ಟ ಹಾಗೆ, ಮಾತು ಕೊಟ್ಟ ಹಾಗೆ, ಹೆಣ್ಣು ಕೊಟ್ಟ ಹಾಗೆ. ಕೊಟ್ಟದ್ದು ಒಂದಲ್ಲ ಒಂದು ದಿನ ಯಾವುದಾದರೂ ರೂಪದಲ್ಲಿ ತಿರುಗಿ ಬರಲೇಬೇಕು. ಈ ಒಂದು ಕ್ರಿಯಾಪದದ ಬಾಲ ಹಿಡಿದುಕೊಂಡು, ಮಿಸ್ ಕಾಲ್ ಎಂಬುದು ಮೊಬೈಲ್ ಕಾಲದ ಮುಯ್ಯಿ ಎಂದು ಸಾಧಿಸಲು ಹೊರಟಿದ್ದೇನೆ. ಪೈಸೆ ಖರ್ಚಿಲ್ಲದ, ತುಟಿ ಬಿಚ್ಚದ ವ್ಯವಹಾರಕ್ಕೆ ಇಷ್ಟೊಂದು ಶಾಯಿ ಸುರಿಯುವುದು ವಿವೇಕವಲ್ಲ, ಗೊತ್ತು. ಆದರೆ ತಲೆಗೇರಿದ ಸಿದ್ಧಾಂತ ಹುಣಸೆಮರದ ದೆವ್ವದಂತಲ್ಲ, ನಿಂಬೆಹಣ್ಣಿಗೆ ಇಳಿಯುವುದಿಲ್ಲ.

ಸಾಕ್ಷಿಗೆ ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಕರೆಯುತ್ತೇನೆ. ಉತ್ತರ ಪಿನಾಕಿನಿಯ ದಡದ ಊರು. ತಾಲ್ಲೂಕಿನ ಮುಕ್ಕಾಲು ಸುತ್ತ ಆಂಧ್ರ. ತೆಲುಗಿನಲ್ಲಿ ನಾಗಲಿ ಎಂದರೆ ನೇಗಿಲು, ಈ ಸೀಮೆಯ ಕನ್ನಡದಲ್ಲಿ ಮಡಿಕೆ ಎಂದರೂ ನೇಗಿಲೇ. ಟವರ್ ಸರಿಯಿಲ್ಲದಾಗ ಹೇಳಿದ್ದನ್ನೇ ಎರಡು ಸಲ ಹೇಳುವ ಹಾಗೆ ಊರಿನ ಹೆಸರು ತನ್ನನ್ನು ತಾನೇ ಎರಡು ಭಾಷೆಯಲ್ಲಿ ಕೂಗಿಕೊಂಡಿದೆ. ಇಲ್ಲಿನ ಬದುಕು ಮುಯ್ಯಿಯ ಲೆಕ್ಕದ ಮೇಲೆ ನಡೆದುಬಂದದ್ದು. ಮದುವೆಮನೆಯಲ್ಲಿ ಒಬ್ಬರು ನೋಟುಬುಕ್ಕು ಹಿಡಿದು ಕೂತು ಮುಯ್ಯಿ ಬರೆದುಕೊಳ್ಳುತ್ತಾರೆ. ಆ ಪುಸ್ತಕ ಪೆಟ್ಟಿಗೆಯಲ್ಲಿ ಒಡವೆಯ ಪಕ್ಕ ಇರುತ್ತದೆ. ಕಡ್ಲೆಕಾಯಿ ಕೀಳುವಾಗ ಮುಯ್ಯಾಳು: ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಇಂಥ ಜನರ ಕೈಗೆ ಮೊಬೈಲು ಬಂದಾಗ ಅದು ಮುಯ್ಯಿಯ ಪುಸ್ತಕದೊಳಕ್ಕೆ ತಾನಾಗಿ ಸೇರಿಕೊಂಡಿತು. ಹಿಂದೂಪುರದ ಕಡೆಗೆ ಕೊಟ್ಟ ಮಗಳು ತವರಿಗೆ ಮಿಸ್ ಕಾಲ್ ಕೊಡಬಹುದು, ಅದು ಅವಳ ಹಕ್ಕು. ತವರಿನವರು ಮಗಳಿಗೆ ಕೊಟ್ಟರೆ ಮರ್ಯಾದೆ ಹೋಯಿತು. ಸಂಬಳ ಬರುವ ಅಣ್ಣನಿಗೆ ಬೇಸಾಯದ ತಮ್ಮ ಕೊಡಬಹುದು. ಬೀಗರಿಗಂತೂ ಕೊಡಲೇಕೂಡದು, ಕೊಟ್ಟರೆ, ಮದುವೆಯಲ್ಲಿ ಪಾಯಸ ಸಾಲದೆ ಹೋದದ್ದೂ ಅದರ ಮುಂದೆ ಸಣ್ಣದಾಗುತ್ತದೆ. ಊರಿನ ಸುಬ್ರಹ್ಮಣ್ಯನೂ ಈ ನಿಯಮ ಬಲ್ಲವನೇ. ವರ್ಷವರ್ಷವೂ ಕುಕ್ಕೆಗೆ ನಡೆದು ಹೋಗುತ್ತಿದ್ದ ಅನ್ನಂಭಟ್ಟರೆಂಬ ಭಕ್ತರಿಗೆ ವಯಸ್ಸಾದಾಗ, ಇನ್ನು ನೀನು ಬರುವುದು ಬೇಡ, ನಾನೇ ಬರುತ್ತೇನೆ ಎಂದನಂತೆ ದೇವರು. ಉಳ್ಳವನೇ ತಿರುಗಿ ಮಾಡಬೇಕು ಎಂಬುದಕ್ಕೆ ಸ್ಥಳಪುರಾಣಕ್ಕಿಂತ ಗಟ್ಟಿ ದಾಖಲೆ ಬೇಕೆ?

ಮುಯ್ಯಿಯೂ ಇಲ್ಲ ಮಣ್ಣಂಗಟ್ಟಿಯೂ ಇಲ್ಲ, ಇದು ಬರೀ ಜಿಪುಣತನ ಎನ್ನುವವರಿದ್ದಾರೆ. ಇಂಥವರು ಸಾಮಾನ್ಯವಾಗಿ ಕಂಪನಿ ಕೊಟ್ಟ ಸಿಮ್ ಇಟ್ಟುಕೊಂಡಿರುತ್ತಾರೆ. ಅವರ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇನೆ. 1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಂಪರ್ಕ ಮಂತ್ರಿ ಸುಖ್‌ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ ಮೇಲೆ ಎಷ್ಟೋ ವರ್ಷ, ಕರೆ ಬಂದರೂ ದುಡ್ಡು, ಹೋದರೂ ದುಡ್ಡು. 2003ರಲ್ಲಿ ಇನ್‌ಕಮಿಂಗ್ ಪುಕ್ಕಟೆ ಆಯಿತು; ಮಿಸ್ ಕಾಲಿಗೆ ನೆಲ ಹದವಾದದ್ದು ಆಗಲೇ. ಇಡೀ ಕರ್ನಾಟಕ ಬ್ಯಾಲೆನ್ಸನ್ನು 'ಕರೆನ್ಸಿ' ಎಂದು ಕರೆದು, ರಿಸರ್ವ್ ಬ್ಯಾಂಕಿನವರು ಬೆಚ್ಚುವ ಹಾಗೆ ಪೆಟ್ಟಿಗೆ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಕರೆನ್ಸಿ ಹಾಕಿಸಿಕೊಂಡಿತು. ಆದರೆ ಜಿಪುಣತನವೇ ಕಾರಣವಾಗಿದ್ದರೆ ಜಿಪುಣ ಎಲ್ಲರಿಗೂ ಮಿಸ್ ಕಾಲ್ ಕೊಡಬೇಕಿತ್ತು. ಹಾಗಾಗುವುದಿಲ್ಲ. ಅಣ್ಣನಿಗೆ ಎರಡು ರಿಂಗಿಗೇ ಕಟ್ ಮಾಡುವ ಮಹಾನುಭಾವ ಬೀಗರಿಗೆ ನಲವತ್ತು ನಿಮಿಷ ಸ್ವಂತ ಕರೆನ್ಸಿಯಲ್ಲಿ ಮಾತಾಡುತ್ತಾನೆ, ಅದರಲ್ಲಿ ಮೂವತ್ತು ನಿಮಿಷ ಮಳೆ ಬಾರದ್ದರ ಬಗ್ಗೆ. ಇನ್ನೊಂದು ಮಾತು. ಇದೇ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಸುತ್ತಿನ ಹಳ್ಳಿಗಳಲ್ಲಿ 13,000 ಎಕರೆಯ ಸೋಲಾರ್ ಪಾರ್ಕ್ ಎದ್ದಾಗ ರೈತರು ಜಮೀನನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರು. ಹೊಲವನ್ನೇ ಪೂರ್ತಿ ಕೈಬಿಡದೆ ಕೊಡಲು ಬಲ್ಲವರು ಕರೆಯನ್ನು ಪೂರ್ತಿ ಕೊಟ್ಟಾರೆಯೇ?

ಜಿಪುಣತನದ ವಾದಕ್ಕೆ ಕೊನೆಯ ಪೆಟ್ಟು ಕೊಟ್ಟದ್ದು ಬಡವರಲ್ಲ, ಕಂಪನಿಗಳು. ಈ ಘಟನೆಯನ್ನು ನೆನೆದಾಗಲೆಲ್ಲ ನನ್ನ ಸಿದ್ಧಾಂತದ ಮೇಲೆ ನನಗೇ ಮುದ್ದು ಬರುತ್ತದೆ, ಆದ್ದರಿಂದ ಸಾವಕಾಶವಾಗಿ ಹೇಳುತ್ತೇನೆ. 2019ರಲ್ಲಿ, ಕರೆ ಹೊರಟ ಕಂಪನಿ ಕರೆ ಮುಟ್ಟಿದ ಕಂಪನಿಗೆ ನಿಮಿಷಕ್ಕೆ 6 ಪೈಸೆ ಕೊಡಬೇಕಿತ್ತು. ಹಾಗಾದರೆ ಜಾಣತನ ಯಾವುದು? ನಮ್ಮವನು ಮಾಡಿದ ಕರೆ ಆ ಕಡೆಯವನು ಎತ್ತುವುದರೊಳಗೆ ನಿಂತುಹೋಗಬೇಕು. ಆಗ ಅವನು ತಿರುಗಿ ಮಾಡುತ್ತಾನೆ, 6 ಪೈಸೆ ನಮ್ಮ ಕಡೆಗೆ ಹರಿಯುತ್ತದೆ. ಜಿಯೋ ರಿಂಗಿನ ಅವಧಿಯನ್ನು 20 ಸೆಕೆಂಡಿಗೆ ಇಳಿಸಿದೆ ಎಂದು ಏರ್‌ಟೆಲ್ ದೂರಿತು. ದೂರುತ್ತಲೇ ತಾನೂ 25ಕ್ಕೆ ಇಳಿಸಿತು. ದಿನಕ್ಕೆ 25ರಿಂದ 30 ಕೋಟಿ ಮಿಸ್ ಕಾಲ್ ನಮಗೆ ಬಂದು ಬೀಳುತ್ತಿವೆ ಎಂದು ಜಿಯೋ ಲೆಕ್ಕ ಒಪ್ಪಿಸಿತು, ಥೇಟ್ ಮುಯ್ಯಿ ಪುಸ್ತಕ ತೆಗೆದು ಓದುವ ಧಾಟಿಯಲ್ಲಿ. ಕಲ್ಪಿಸಿಕೊಳ್ಳಿ: ಕೋಟಿಕೋಟಿ ಬಾಳುವ ಎರಡು ಮನೆತನಗಳು ಎದುರುಬದುರು ಜಗಲಿಯಲ್ಲಿ ಕೂತು, 'ಮೊದಲು ಕಟ್ ಮಾಡಿದ್ದು ಯಾರು?' ಎಂದು ಜಗಳಕ್ಕೆ ನಿಂತಿವೆ. ಒಳಗೆ ಅಜ್ಜಿ ಅಡುಗೆಮನೆಯಿಂದ ಎದ್ದು, ಮಂಡಿ ಹಿಡಿದುಕೊಂಡು, ಕೈ ಒರೆಸಿಕೊಂಡು, ಚಾರ್ಜಿಗೆ ಹಾಕಿದ ಫೋನಿನ ಹತ್ತಿರ ಬರುವುದಕ್ಕೆ 28 ಸೆಕೆಂಡು ಬೇಕು. ಆ ಮಂಡಿಯ ಮೇಲೆ ಮಾರುಕಟ್ಟೆಯ ಲಾಭನಷ್ಟ ನಿಂತಿದೆ! ಕಡೆಗೆ ಪಂಚಾಯ್ತಿ ಸೇರಿತು. ನವೆಂಬರ್ 1ರಂದು, ನಾವು ರಾಜ್ಯೋತ್ಸವದ ಬಾವುಟ ಏರಿಸುತ್ತಿದ್ದ ದಿನ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತೀರ್ಪು ಕೊಟ್ಟಿತು: ಮೊಬೈಲು 30 ಸೆಕೆಂಡು, ಲ್ಯಾಂಡ್‌ಲೈನ್ 60 ಸೆಕೆಂಡು ಬಡಿದುಕೊಳ್ಳತಕ್ಕದ್ದು. ಅಜ್ಜಿ ಎರಡು ಸೆಕೆಂಡಿನಲ್ಲಿ ಗೆದ್ದಳು. ಮಿಸ್ ಕಾಲನ್ನು ಇಷ್ಟು ಶಾಸ್ತ್ರೋಕ್ತವಾಗಿ ಕೊಟ್ಟವರನ್ನು ಯಾರೂ ಜಿಪುಣರು ಎನ್ನಲಿಲ್ಲ. ಪತ್ರಿಕೆಗಳು ಅದನ್ನು ಪೈಪೋಟಿ ಎಂದು ಬರೆದವು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಮಿಸ್ ಕಾಲು ಲೋಕದಲ್ಲೆಲ್ಲ ಇದೆಯಲ್ಲ, ಅದರಲ್ಲಿ ನಾಗಲಮಡಿಕೆಯ ಪಾಲೇನು? ನಿಜವೇ. 1840ರ ಅಂಚೆ ಸುಧಾರಣೆಗೆ ಮೊದಲು ಇಂಗ್ಲೆಂಡಿನಲ್ಲಿ ಕಾಗದ ಪಡೆದವರೇ ದುಡ್ಡು ಕಟ್ಟುವುದು ವಾಡಿಕೆ. ಜನ ಕಾಗದದ ಹೊರಮೈಗೇ ಗುರುತು ಹಾಕಿ ಕಳಿಸುತ್ತಿದ್ದರು, ಪಡೆಯುವವರು ಗುರುತು ನೋಡಿ ಕಾಗದ ವಾಪಸು ಮಾಡುತ್ತಿದ್ದರು. ನಮ್ಮ ಬೇರಿಂಗ್ ಕಾಗದವೂ ಅದೇ ಕುಲದ್ದು. ರುವಾಂಡಾದ ಮಿಸ್ ಕಾಲನ್ನು ಜೊನಾಥನ್ ಡೋನರ್ ಎಂಬ ಸಂಶೋಧಕರು ಅಧ್ಯಯನ ಮಾಡಿ 2007ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ, ನನ್ನ ಹೆಗ್ಗಳಿಕೆಗೆ ತಣ್ಣೀರೆರಚಲೆಂದೇ. ಅಲ್ಲೂ ಉಳ್ಳವನೇ ತಿರುಗಿ ಮಾಡಬೇಕು. ಆದರೆ ಅಲ್ಲಿ ಕಟ್ಟುನಿಟ್ಟು ಇರುವುದು ಪ್ರಣಯದಲ್ಲಿ: ಮೆಚ್ಚಿದ ಹುಡುಗಿಗೆ ಹುಡುಗ ಮಿಸ್ ಕಾಲ್ ಕೊಟ್ಟರೆ ಕೆಟ್ಟ. ನಮ್ಮಲ್ಲಿ ಆ ಕಟ್ಟುನಿಟ್ಟು ಹುಡುಗಿಯನ್ನು ಬಿಟ್ಟು ಅವಳ ಅಪ್ಪನ ಕಡೆಗೆ ತಿರುಗಿದೆ. ಜಪಾನಿನ ಶಾಲಾ ಹುಡುಗಿಯರು 1990ರ ದಶಕದಲ್ಲಿ ಪೇಜರಿನ ಅಂಕಿಗಳಿಂದಲೇ ಮಾತು ಕಟ್ಟಿದರು. 0840 ಎಂದರೆ ಒಹಾಯೊ, ಬೆಳಗಿನ ನಮಸ್ಕಾರ. ಅಂಕಿಯನ್ನು ಹಲವು ಬಗೆಯಲ್ಲಿ ಉಚ್ಚರಿಸುವ ಆಟ ಆ ಭಾಷೆಯಲ್ಲಿ ಮೊದಲೇ ಇತ್ತು, ಪೇಜರು ಆಮೇಲೆ ಬಂತು. ಯಂತ್ರ ಎಲ್ಲ ಕಡೆ ಒಂದೇ. ಅದು ಯಾರ ಮನೆಯ ಹೊಸಿಲು ದಾಟಿತೋ ಆ ಮನೆಯ ಮಡಿಮೈಲಿಗೆ ಕಲಿಯಿತು. ಇದರಲ್ಲಿ ದುಡ್ಡು ಕಂಡವರೂ ನಮ್ಮ ರಾಜಧಾನಿಯಲ್ಲೇ ಇದ್ದರು. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಿಪ್‌ಡಯಲ್ ಮಿಸ್ ಕಾಲನ್ನೇ ವ್ಯಾಪಾರ ಮಾಡಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು.

ಈಗ ಮಾತು ಅನ್‌ಲಿಮಿಟೆಡ್, ಮುಯ್ಯಿ ಸತ್ತಿತಲ್ಲ ಎನ್ನುತ್ತೀರೇನೋ. ವಾಟ್ಸಾಪ್ ತೆರೆದು ನೋಡಿ. ಬೆಳಗಾಗುವ ಮೊದಲೇ ಸೂರ್ಯಕಾಂತಿ, ಗಣಪತಿ, ಕಾಫಿ ಲೋಟ, ಕೆಳಗೆ ಕಾಗುಣಿತ ತಪ್ಪಿದ ಶುಭೋದಯ. ಕಳಿಸಿದವರು ಮುಯ್ಯಿ ಓದಿಸಿದ್ದಾರೆ. ಸಂಜೆಯೊಳಗೆ ನೀವು ಒಂದು ಗುಲಾಬಿಯನ್ನಾದರೂ ತಿರುಗಿಸದಿದ್ದರೆ ನಿಮ್ಮ ಮಗನ ಮದುವೆಗೆ ಅವರು ಬರುವುದು ಅನುಮಾನ. ಮದುವೆಯ ಮುಯ್ಯಿಯಲ್ಲಿ ಕಡೇ ಪಕ್ಷ ಸ್ಟೀಲ್ ಪಾತ್ರೆ ಉಳಿಯುತ್ತಿತ್ತು. ಇದರಲ್ಲಿ ಫೋನು ತುಂಬಿಹೋಗಿ ಬೇಕಾದ ಫೋಟೋ ಅಳಿಸಬೇಕಾಗುತ್ತದೆ. ಈ ಸೂರ್ಯಕಾಂತಿಯವರ ಮೇಲಿನ ಸಿಟ್ಟು ಸಿದ್ಧಾಂತಕ್ಕೆ ಸೇರಿದ್ದಲ್ಲ, ಆದರೂ ಇಲ್ಲೇ ಇರಲಿ. ಮಿಸ್ ಕಾಲಿಗೆ ನಿಜವಾದ ಏಟು ಬಿದ್ದದ್ದು ಬೇರೆ ಕಡೆಯಿಂದ. 2018ರ ಕೊನೆಯ ಹೊತ್ತಿಗೆ ದೊಡ್ಡ ಕಂಪನಿಗಳು ಸಿಮ್ ಜೀವಂತವಾಗಿ ಇರಬೇಕಾದರೆ 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕಿಸಿ ಎಂದವು. ಆಮೇಲೆ ಆ ಮೊತ್ತ ಏರುತ್ತಲೇ ಹೋಯಿತು. ಅಲ್ಲಿಯವರೆಗೆ ಬರೀ ಇನ್‌ಕಮಿಂಗಿಗೆಂದೇ ಗುಂಡಿಯ ಫೋನು ಇಟ್ಟುಕೊಂಡವರು ಊರಲ್ಲೆಲ್ಲ ಇದ್ದರು. ಮಳೆ ಕೈಕೊಟ್ಟ ವರ್ಷ ಮಕ್ಕಳು ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದ ಮನೆಗಳಲ್ಲಿ ಸಂಜೆಯ ಒಂದು ರಿಂಗಿಗೆ ಇದ್ದ ಅರ್ಥ, ಇವತ್ತೂ ಇದ್ದೀನಿ ಎಂಬುದು. ಆ ಒಂದು ರಿಂಗಿಗೆ ಕರೆನ್ಸಿ ಖರ್ಚಾಗುತ್ತಿರಲಿಲ್ಲ. ಈಗ ವ್ಯಾಲಿಡಿಟಿ ಮುಗಿದ ದಿನ ಊರಿನ ಫೋನಿನಿಂದ ರಿಂಗು ಹೊರಡುವುದಿಲ್ಲ, ಸ್ವಲ್ಪ ದಿನ ಹೋದರೆ ಬೆಂಗಳೂರಿನಿಂದ ಹೊರಟದ್ದು ಮುಟ್ಟುವುದೂ ಇಲ್ಲ. ಮಗ ಸೈಟಿನಿಂದ ಮಾಡಿದರೆ ರೆಕಾರ್ಡಾದ ಹೆಣ್ಣುದನಿಯೊಂದು ಶುದ್ಧ ಕನ್ನಡದಲ್ಲಿ ಏನೋ ಹೇಳುತ್ತದೆ. ಅವನು ಪಕ್ಕದ ಮನೆಯ ನಂಬರಿಗೆ ಮಾಡಿ, 'ಅಕ್ಕಾ, ನಮ್ಮಮ್ಮನ್ನ ಒಂದ್ಸಲ ಕೂಗು' ಎನ್ನುತ್ತಾನೆ. ಅಕ್ಕ ಬೇಲಿಯ ಹತ್ತಿರ ಹೋಗಿ ಕೂಗುತ್ತಾಳೆ.