ನಾಯಕಿಗೆ ಮೈಕೈ ನೋವು

ಪ್ರೇಮ ಕಾದಂಬರಿಯ ನಾಯಕಿಗೆ ಅಂಟಿಕೊಳ್ಳಬೇಕಾದರೆ ಕಾಯಿಲೆಗೂ ಒಂದು ಯೋಗ್ಯತೆ ಇರಬೇಕು. ಅದು ಮುಖ ಊದಿಸಬಾರದು, ಮೈ ತುರಿಸಬಾರದು. ಹೆಚ್ಚೆಂದರೆ ಕೆನ್ನೆ ಬಿಳಿಚಿ ಕಣ್ಣು ಇನ್ನಷ್ಟು ದೊಡ್ಡದಾಗಿ ಕಂಡರೆ ಸಾಕು. ಕ್ಷಯ, ಹೃದ್ರೋಗ, ರಕ್ತದ ಕ್ಯಾನ್ಸರ್‌ಗಳಿಗೆ ಇಲ್ಲಿ ಸೀಟು ಕಾಯಂ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, ಆ ಕಾಡಿನ ಹೆಸರನ್ನು ಜಗತ್ತಿನ ವೈದ್ಯರ ಬಾಯಿಗೆಲ್ಲ ಹಾಕಿದ ಮಂಗನ ಕಾಯಿಲೆಗೆ ಸೀಟು ಸಿಗುವುದು ಕಷ್ಟ. ಉಣುಗು ಕಚ್ಚಿ ಜ್ವರ ಬಂತು ಅಂತ ಪ್ರೇಮಪತ್ರದಲ್ಲಿ ಬರೆಯಲಿಕ್ಕಾಗುತ್ತದೆಯೇ? ಎರಡನೆಯ ಷರತ್ತು ಇನ್ನೂ ಬಿಗಿ: ಕಾದಂಬರಿ ಮುಗಿಯುವುದರೊಳಗೆ ಕಾಯಿಲೆಯೂ ಮುಗಿಯಬೇಕು. ನಾಯಕಿ ಒಂದೋ ಸಾಯಬೇಕು, ಇಲ್ಲವೇ ಗುಣವಾಗಿ ಹಸೆಮಣೆ ಏರಬೇಕು. ಕೊಲ್ಲದೆ, ಬಿಡದೆ, ಸಂಸಾರದೊಳಗೆ ಒಬ್ಬರಾಗಿ ಉಳಿದುಬಿಡುವ ಕಾಯಿಲೆಯನ್ನು ಲೇಖಕರು ಹೊಸ್ತಿಲ ಹೊರಗೇ ನಿಲ್ಲಿಸುತ್ತಾರೆ.

ಈ ಕಟ್ಟಳೆಯನ್ನು ಮುರಿದವರಲ್ಲಿ ಒಬ್ಬರು ಬ್ರಿಟನ್ನಿನ ತಾಲಿಯಾ ಹಿಬರ್ಟ್. 2019ರಲ್ಲಿ ಬಂದ ಅವರ ‘ಗೆಟ್ ಎ ಲೈಫ್, ಕ್ಲೋಯಿ ಬ್ರೌನ್’ ಕಾದಂಬರಿಯ ನಾಯಕಿಗೆ ಫೈಬ್ರೋಮಯಾಲ್ಜಿಯಾ. ಮೈಯೆಲ್ಲ ನೋವು, ಮಲಗಿ ಎದ್ದರೂ ಹೋಗದ ಸುಸ್ತು. ಆದರೆ ರಕ್ತಪರೀಕ್ಷೆಯಲ್ಲಿ ಸಿಗದು, ಎಕ್ಸ್‌ರೇಯಲ್ಲಿ ಕಾಣದು. ಕಾರೊಂದು ಬಡಿಯುವುದು ಕೂದಲೆಳೆಯಲ್ಲಿ ತಪ್ಪಿದ ಮೇಲೆ ಕ್ಲೋಯಿ ‘ಬದುಕಬೇಕು’ ಎಂದು ಪಟ್ಟಿ ಮಾಡುತ್ತಾಳೆ: ಬೈಕ್ ಸವಾರಿ, ಕಾಡಿನಲ್ಲಿ ಟೆಂಟು, ಇತ್ಯಾದಿ. ಪಟ್ಟಿಗೆ ನೆರವಾಗಲು ರೆಡ್ ಎಂಬ ಚಿತ್ರಕಾರ ಸಿಗುತ್ತಾನೆ, ಪ್ರೇಮವೂ ಆಗುತ್ತದೆ. ದೊಡ್ಡ ಮಾತೆಂದರೆ ಕೊನೆಯ ಪುಟದಲ್ಲೂ ಅವಳ ನೋವು ಹಾಗೇ ಇದೆ. ಮುತ್ತಿಟ್ಟರೆ ನೋವು ಮಾಯವಾಗುವ ಪವಾಡವನ್ನು ಹಿಬರ್ಟ್ ಮಾಡಲಿಲ್ಲ ಎಂಬುದಕ್ಕೆ ಪೂರ್ಣ ಅಂಕ ಕೊಡಬೇಕು. ಅಂಕ ಕಳೆಯಬೇಕಾದ್ದು ನಾಯಕನ ಪತ್ರಿಕೆಯಲ್ಲಿ. ಈ ರೆಡ್‌ಗೆ ಹಳೆಯ ಪ್ರೇಮದ ಗಾಯವಿದೆ, ಸರಿ. ಆದರೆ ಇವಳ ಕಾಯಿಲೆಯ ವಿಷಯದಲ್ಲಿ ಮಾತ್ರ ಅವನಿಗೆ ದಣಿವೇ ಇಲ್ಲ. ಕ್ಲೋಯಿಗೆ ಹಣವಂತ ಮನೆತನ, ಮನೆಯಲ್ಲೇ ಕೂತು ಮಾಡುವ ಕೆಲಸ, ಒಬ್ಬಳಿಗೇ ಒಂದು ಫ್ಲ್ಯಾಟು ಬೇರೆ. ಕಾಯಿಲೆ ನಿಜದ್ದು, ಅದಕ್ಕೆ ಹಾಸಿದ ಹಾಸಿಗೆ ಮಾತ್ರ ಕಾದಂಬರಿಯದ್ದು.

ಇದೇ ಕ್ಲೋಯಿಯನ್ನು ಅದೇ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಒಂದು ಅಡಿಕೆ ಮನೆಗೆ ಸೊಸೆಯಾಗಿ ತಂದು ನೋಡಿ. ಕೊಯ್ಲಿನ ಕಾಲ, ಹೆಂಗಸರೆಲ್ಲ ಮೆಟ್ಟುಗತ್ತಿ ಮುಂದಿಟ್ಟುಕೊಂಡು ರಾತ್ರಿಯವರೆಗೂ ಅಡಿಕೆ ಸುಲಿಯುತ್ತಿದ್ದಾರೆ. ಇವಳು ಬೆರಳು ಮಡಚಲಾಗದೆ ಎದ್ದರೆ, ‘ಎಂತ ಆತೇ ಮಾರಾಯ್ತಿ, ನೋಡಿದ್ರೆ ಗಟ್ಟಿಯಾಗೇ ಇದೀಯಲ್ಲ?’ ಎಂಬ ಪ್ರಶ್ನೆ. ಹಿಂದೆಯೇ ಒಬ್ಬರ ಕಷಾಯ, ಇನ್ನೊಬ್ಬರ ಎಣ್ಣೆ, ಮತ್ತೊಬ್ಬರಿಂದ ಗುಡ್ಡದ ರೇಣುಕಾಂಬೆಗೆ ಹರಕೆ. ಇಲ್ಲಿ ನಾಯಕನಾಗುವವನಿಗೆ ಬೈಕ್ ಓಡಿಸಲು ಬಂದರೆ ಸಾಲದು. ಸಲಹೆ ಕೊಡಲು ಬಂದವರಿಗೆ ಚಹಾ ಕೊಟ್ಟು ಸಾಗಹಾಕುವ ಚಾಕಚಕ್ಯತೆ ಬೇಕು, ಹೆಂಡತಿಯ ಪಾಲಿನ ಅಡಿಕೆಯನ್ನು ಎಲ್ಲರೆದುರು ತಾನೇ ಸುಲಿಯುವ ಧೈರ್ಯವೂ ಬೇಕು. ಅಂಥ ಗಂಡನಿಲ್ಲದಿದ್ದರೆ ಏನಾಗುತ್ತದೆಂದು ನಮ್ಮ ತ್ರಿವೇಣಿ ಎಂದೋ ತೋರಿಸಿದ್ದಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ ಅವರ ‘ಶರಪಂಜರ’ ಕಾದಂಬರಿಯಲ್ಲಿ ಬಾಣಂತನದ ನಂತರ ಕಾವೇರಿಗೆ ಬಂದ ಮನೋರೋಗ ವಾಸಿಯಾಗುತ್ತದೆ, ವಾಸಿಯಾಗದ್ದು ಗಂಡನ ಮನಸ್ಸು, ಜನರ ನಾಲಿಗೆ. ಕ್ಲೋಯಿಯ ರೋಗ ಉಳಿದರೂ ಪ್ರೇಮ ಗೆಲ್ಲುತ್ತದೆ, ಕಾವೇರಿಯ ರೋಗ ಹೋದರೂ ಪ್ರೇಮ ಸೋಲುತ್ತದೆ. ಎರಡನ್ನೂ ಓದಿದವರಿಗೆ ತ್ರಿವೇಣಿಯ ಮಾತೇ ಹೆಚ್ಚು ನಿಜ ಅನ್ನಿಸುತ್ತದೆ, ಹಿಬರ್ಟ್ ಹೇಳಿದಂತಾಗಲಿ ಎಂಬ ಆಸೆಯೂ ಹುಟ್ಟುತ್ತದೆ.

ಪ್ರೇಮ ಕಾದಂಬರಿ ಓದುವುದೇ ಕನಸಿಗೆ, ಅದರಲ್ಲೂ ಮಂಡಿನೋವಿನ ಲೆಕ್ಕ ಯಾಕೆ ಎನ್ನುವವರಿದ್ದಾರೆ. ಮಂಡಿ ನೋಯುವವರಿಗೂ ಕನಸು ಬೀಳುತ್ತದಲ್ಲ. ತಮ್ಮ ಮಂಡಿಯನ್ನು ಮನೆಯಲ್ಲೇ ಬಿಟ್ಟು ಕನಸಿಗೆ ಹೋಗಬೇಕೆಂದರೆ ಹೇಗೆ? ಹಾಗಿದ್ದರೆ ಅವರಿಗೆ ದಣಿಯದ ರೆಡ್‌ನನ್ನೇ ಕೊಡಿ, ನಿಮ್ಮದೇನು ಗಂಟು ಹೋಗುತ್ತದೆ ಎಂದರೆ ಅದಕ್ಕೂ ಉತ್ತರವಿದೆ. ಬಹುದಿನದ ರೋಗಿಗೆ ನೋವಿಗಿಂತ ದೊಡ್ಡ ಹೆದರಿಕೆ, ನೋಡಿಕೊಳ್ಳುವವರಿಗೆ ಎಂದು ಬೇಸರ ಬರುತ್ತದೋ ಎಂಬುದು. ಕ್ಲೋಯಿಗೆ ಅದು ಗೊತ್ತು; ಹಿಂದೆ ಮದುವೆಯಾಗಬೇಕಿದ್ದವನು ಕಾಯಿಲೆಯ ನಡುವೆಯೇ ಅವಳನ್ನು ಬಿಟ್ಟು ಹೋಗಿದ್ದ. ಬೇಸರವೇ ಬಾರದ ಗಂಡಸನ್ನು ತಂದು ನಿಲ್ಲಿಸಿದರೆ ಆ ಹೆದರಿಕೆಗೆ ಸಮಾಧಾನ ಸಿಗುವುದಿಲ್ಲ, ರಜೆ ಸಿಗುತ್ತದೆ ಅಷ್ಟೆ. ರೆಡ್ ಒಂದು ದಿನ ಗೊಣಗಿ, ಬಾಗಿಲು ದಢಾರನೆ ಹಾಕಿಕೊಂಡು ಹೋಗಿ, ಅರ್ಧ ಗಂಟೆಯಲ್ಲಿ ಮುಖ ಊದಿಸಿಕೊಂಡೇ ವಾಪಸು ಬಂದು ಬಿಸಿನೀರು ಕಾಸಿ ಕೊಟ್ಟಿದ್ದರೆ ಅವನನ್ನು ಚಂದ್ರಗುತ್ತಿಯ ಅತ್ತೆಯರೂ ನಂಬುತ್ತಿದ್ದರು. ನಮ್ಮ ಹುಡುಗಿಗೆ ಇಂಥವನೇ ಸಿಗಲಿ ಅಂತ ರೇಣುಕಾಂಬೆಗೆ ಇನ್ನೊಂದು ಹರಕೆಯನ್ನೂ ಹೊತ್ತುಕೊಳ್ಳುತ್ತಿದ್ದರು.